ಡಾಕ್ಟರರ ತಪ್ಪಿನ ಬೆಲೆ ತೆರುವವರು ಯಾರು?

(ಗಿರಣಿ ಕಾರ್ಮಿಕರೂ ಪೇಟೆಯ ಸಣ್ಣ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಈ ಸಂಜೆ ನಾನು ಹೇಳಬೇಕೆಂದಿರುವ ವಿಷಯ ಕೋರ್ಟು ಕಚೇರಿಗೆ ಸೇರಿದ್ದೆಂದು ಮೇಲ್ನೋಟಕ್ಕೆ ಕಾಣಬಹುದು. ಆದರೆ ಅದು ನಮ್ಮ ನಿಮ್ಮ ಮನೆಯ ಪೆಟ್ಟಿಗೆಗೆ, ಹೆಂಗಸರ ಕೊರಳಿನ ಸರಕ್ಕೆ, ಅಂಗಡಿಯ ಗಲ್ಲಾಕ್ಕೆ ಸೇರಿದ ವಿಷಯ. ಡಾಕ್ಟರರ ತಪ್ಪಿಗೆ ಪರಿಹಾರ ಕೊಡಿಸುವ ಕಾನೂನಿನಿಂದ ಚಿಕಿತ್ಸೆಯ ವೆಚ್ಚ ಏರುತ್ತದೆಯೇ ಇಲ್ಲವೇ ಎಂಬುದೇ ಪ್ರಶ್ನೆ.

ಮೊನ್ನೆ ನಮ್ಮ ಊರಿನ ಡಾಕ್ಟರರೊಬ್ಬರು ನನ್ನೊಡನೆ ಮಾತನಾಡುತ್ತ ಹೀಗೆಂದರು: “ಮೊದಲು ನಾಡಿ ಹಿಡಿದು ಔಷಧ ಕೊಡುತ್ತಿದ್ದೆವು. ಈಗ ಒಬ್ಬೊಬ್ಬ ರೋಗಿಯ ಬೆನ್ನ ಹಿಂದೆಯೂ ಒಬ್ಬ ವಕೀಲ ನಿಂತಿರುವಂತೆ ಕಾಣುತ್ತದೆ. ಬೇಕಿರಲಿ, ಬೇಡವಿರಲಿ, ನಾಲ್ಕು ಪರೀಕ್ಷೆ ಬರೆದುಬಿಡುತ್ತೇವೆ. ಅದರ ದುಡ್ಡು ಕೊಡುವವರು ನೀವೇ. ನೀವು ಬೇಡಿ ತಂದುಕೊಂಡ ಕಾನೂನು ನಿಮ್ಮ ಜೇಬನ್ನೇ ಕತ್ತರಿಸುತ್ತಿದೆ.” ಅವರು ಸಜ್ಜನರು; ಎಷ್ಟೋ ಬಡವರ ಹತ್ತಿರ ಫೀಸು ಮುಟ್ಟದವರು. ಆದ್ದರಿಂದ ಅವರ ಮಾತನ್ನು ತಳ್ಳಿಹಾಕದೆ, ತೂಗಿ ನೋಡಬೇಕೆಂದು ನಿಶ್ಚಯಿಸಿದೆ.

ಒಂದು ಮನೆಯ ಲೆಕ್ಕ

ಮೊದಲು ನನ್ನ ಅಣ್ಣನ ಮಾತು ಹೇಳುತ್ತೇನೆ. ಅಣ್ಣ ನೂಲಿನ ಗಿರಣಿಯಲ್ಲಿ ಬದಲಿ ಕೆಲಸಗಾರನಾಗಿದ್ದ, ಇ.ಎಸ್.ಐ. ಚೀಟಿ ಇರಲಿಲ್ಲ. ಹರ್ನಿಯಾ ಎಂದು ಒಂದು ನರ್ಸಿಂಗ್ ಹೋಮಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ. ನಲವತ್ತು ಸಾವಿರ ರೂಪಾಯಿ ಖರ್ಚು. ಹದಿನೈದು ದಿನ ಕಳೆದರೂ ಜ್ವರ ಬಿಡಲಿಲ್ಲ, ಗಾಯ ಮಾಯಲಿಲ್ಲ. “ಹಾಗೆಯೇ ಇರುತ್ತದೆ, ಸರಿಹೋಗುತ್ತದೆ” ಎಂದು ಗುಳಿಗೆ ಬರೆದುಕೊಟ್ಟರು. ಕೊನೆಗೆ ಬೇರೊಂದು ಊರಿನ ಆಸ್ಪತ್ರೆಗೆ ಒಯ್ದೆವು. ಅಲ್ಲಿ ಮತ್ತೆ ಕೊಯ್ದು ನೋಡಿದರೆ, ರಕ್ತ ಒರೆಸುವ ಬಟ್ಟೆಯ ಒಂದು ಚೂರು ಒಳಗೇ ಉಳಿದಿತ್ತು. ಎರಡನೆಯ ಬಿಲ್ಲು ಒಂದು ಲಕ್ಷದ ಹತ್ತು ಸಾವಿರ. ಮೂರು ತಿಂಗಳು ಕೂಲಿಯಿಲ್ಲ. ಅತ್ತಿಗೆಯ ಸರ ಗಿರವಿ ಅಂಗಡಿಗೆ ಹೋಯಿತು. ಅದು ತಿರುಗಿ ಬರಲೇ ಇಲ್ಲ.

ಮೊದಲ ಆಸ್ಪತ್ರೆಯವರನ್ನು ಕೇಸ್ ಷೀಟ್ ಕೇಳಿದೆವು. “ನಾಳೆ ಬನ್ನಿ” ಎಂದರು. ಆ ನಾಳೆ ಇಂದಿಗೂ ಬಂದಿಲ್ಲ. ಹೇಗೆ ದೂರಬೇಕು, ಎಲ್ಲಿ ದೂರಬೇಕು ಎಂಬುದು ಆಗ ನಮಗೆ ತಿಳಿಯದು. ಸುಮ್ಮನಾದೆವು.

ಈಗ ಯೋಚಿಸಿ. ಆ ತಪ್ಪಿಗೆ ಬೆಲೆ ಬಿತ್ತೋ ಇಲ್ಲವೋ? ಬಿತ್ತು. ಪೈಸೆ ಪೈಸೆಯಾಗಿ ಬಿತ್ತು. ಆದರೆ ಅದು ಯಾವ ಕೋರ್ಟಿನ ಕಡತದಲ್ಲೂ ಇಲ್ಲ, ಯಾವ ವಿಮಾ ಕಂಪನಿಯ ಪುಸ್ತಕದಲ್ಲೂ ಇಲ್ಲ. ಪೂರ್ತಿ ತೆತ್ತವನು ನನ್ನ ಅಣ್ಣ. ಕಾನೂನಿನಿಂದ ವೆಚ್ಚ ಹುಟ್ಟುತ್ತದೆ ಎನ್ನುವವರು ಈ ಮಾತನ್ನು ಮರೆಯುತ್ತಾರೆ. ವೆಚ್ಚ ಹುಟ್ಟುವುದು ತಪ್ಪಿನಿಂದ. ಅದು ಯಾರ ಹೆಗಲ ಮೇಲೆ ಕೂರಬೇಕೆಂದು ಹೇಳುವುದಷ್ಟೇ ಕಾನೂನಿನ ಕೆಲಸ.

ನಮ್ಮ ಕಾನೂನು ಏನು ಹೇಳುತ್ತದೆ?

೧೯೮೬ರಲ್ಲಿ ಗ್ರಾಹಕ ಸಂರಕ್ಷಣಾ ಕಾಯಿದೆ ಬಂತು. ಡಾಕ್ಟರರ ಚಿಕಿತ್ಸೆ ಅದಕ್ಕೆ ಒಳಪಡುತ್ತದೆಯೇ ಎಂದು ಭಾರತೀಯ ವೈದ್ಯಕೀಯ ಸಂಘವೇ ಸುಪ್ರೀಂ ಕೋರ್ಟಿನಲ್ಲಿ ವಾದಿಸಿತು. ೧೯೯೫ರ ನವೆಂಬರಿನಲ್ಲಿ ತೀರ್ಪು ಬಂತು: ಹಣ ಪಡೆದು ಕೊಡುವ ಚಿಕಿತ್ಸೆ ಕಾಯಿದೆಗೆ ಒಳಪಡುತ್ತದೆ. ಎಲ್ಲರಿಗೂ ಪೂರ್ತಿ ಪುಕ್ಕಟೆಯಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆ ಒಳಪಡುವುದಿಲ್ಲ. ಆದರೆ ಕೆಲವರಿಂದ ಹಣ ಪಡೆದು ಕೆಲವರಿಗೆ ಪುಕ್ಕಟೆ ಕೊಡುವ ಆಸ್ಪತ್ರೆಯಲ್ಲಿ ಪುಕ್ಕಟೆ ಮಲಗಿದ ಬಡವನೂ ಗ್ರಾಹಕನೇ. ೨೦೨೪ರಲ್ಲಿ ವಕೀಲರ ವಿಷಯದ ಇನ್ನೊಂದು ಪ್ರಕರಣದಲ್ಲಿ ಈ ತೀರ್ಪನ್ನು ಪುನಃ ಪರಿಶೀಲಿಸಬೇಕೆಂಬ ಮಾತು ಎದ್ದಿತಾದರೂ, ಅದೇ ವರ್ಷ ಮೂವರು ನ್ಯಾಯಾಧೀಶರ ಪೀಠ ಅದರ ಅವಶ್ಯಕತೆಯಿಲ್ಲವೆಂದಿತು.

ಗಿರಣಿಯ ಗೆಳೆಯರು ಇನ್ನೊಂದು ತೀರ್ಪನ್ನು ನೆನಪಿಡಬೇಕು. ಇ.ಎಸ್.ಐ. ಚಿಕಿತ್ಸೆ ಪುಕ್ಕಟೆ, ಆದ್ದರಿಂದ ಕಾರ್ಮಿಕ ದೂರುವಂತಿಲ್ಲ ಎಂಬ ವಾದವನ್ನು ಸುಪ್ರೀಂ ಕೋರ್ಟು ೨೦೦೭ರಲ್ಲಿ ತಳ್ಳಿಹಾಕಿತು. ಕಾರ್ಮಿಕನ ಕೂಲಿಯಿಂದ ವಂತಿಗೆ ಮುರಿದುಕೊಳ್ಳುತ್ತಾರೆ, ಮಾಲೀಕನೂ ವಂತಿಗೆ ಕಟ್ಟುತ್ತಾನೆ. ಹಾಗಿರುವಾಗ ಅದು ಪುಕ್ಕಟೆ ಹೇಗಾದೀತು ಎಂಬುದು ಕೋರ್ಟಿನ ನಿಲುವು. ೨೦೧೯ರ ಜುಲೈಯಲ್ಲಿ ನಿಗದಿಯಾದಂತೆ ಈ ವಂತಿಗೆ ಕಾರ್ಮಿಕನಿಂದ ಕೂಲಿಯ ಶೇಕಡಾ ೦.೭೫, ಮಾಲೀಕನಿಂದ ಶೇಕಡಾ ೩.೨೫. ಇ.ಎಸ್.ಐ. ಆಸ್ಪತ್ರೆಗೆ ಹೋಗುವವನು ಭಿಕ್ಷೆಗೆ ಹೋದವನಲ್ಲ; ತನ್ನ ದುಡ್ಡಿನ ಚಿಕಿತ್ಸೆಗೆ ಹೋದವನು.

ಡಾಕ್ಟರರಿಗೂ ಈ ಕಾನೂನು ರಕ್ಷಣೆಯಿಲ್ಲದೆ ಬಿಟ್ಟಿಲ್ಲ. ರೋಗಿ ಗುಣವಾಗಲಿಲ್ಲವೆಂದ ಮಾತ್ರಕ್ಕೆ ಡಾಕ್ಟರು ಅಪರಾಧಿಯಲ್ಲ. ಸಾಧಾರಣ ಕೌಶಲವುಳ್ಳ ಡಾಕ್ಟರು ವಹಿಸಬೇಕಾದ ಎಚ್ಚರವನ್ನು ವಹಿಸಿದರೆ ಸಾಕು. ಕ್ರಿಮಿನಲ್ ಮೊಕದ್ದಮೆ ಹೂಡಬೇಕಾದರೆ ನಿರ್ಲಕ್ಷ್ಯ ಘೋರವಾಗಿರಬೇಕು, ಮತ್ತೊಬ್ಬ ಸ್ವತಂತ್ರ ಡಾಕ್ಟರರ ಅಭಿಪ್ರಾಯ ಪಡೆಯಬೇಕು ಎಂದು ೨೦೦೫ರಲ್ಲೇ ಸುಪ್ರೀಂ ಕೋರ್ಟು ವಿಧಿಸಿತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ನಿರ್ಲಕ್ಷ್ಯದಿಂದಾದ ಸಾವಿಗೆ ಇತರರಿಗೆ ಐದು ವರ್ಷದವರೆಗೆ ಸಜೆಯಿದ್ದರೆ, ಚಿಕಿತ್ಸೆ ಮಾಡುವಾಗಿನ ನಿರ್ಲಕ್ಷ್ಯಕ್ಕೆ ಡಾಕ್ಟರರಿಗೆ ಎರಡು ವರ್ಷದವರೆಗೆ ಮಾತ್ರ.

ಡಾಕ್ಟರರ ವಾದದಲ್ಲಿ ಹುರುಳಿಲ್ಲವೇ?

ಹುರುಳುಂಟು. ದಾವೆಯ ಹೆದರಿಕೆಯಿಂದ ವೆಚ್ಚ ಮೂರು ದಾರಿಯಲ್ಲಿ ಏರುತ್ತದೆ. ಒಂದು, ಡಾಕ್ಟರು ಕಟ್ಟುವ ವಿಮೆಯ ಕಂತು. ಅದು ಫೀಸಿನಲ್ಲಿ ಸೇರಿಕೊಳ್ಳುತ್ತದೆ. ಎರಡು, ಆತ್ಮರಕ್ಷಣೆಗಾಗಿ ಬರೆಯುವ ಪರೀಕ್ಷೆಗಳು, ನಾಳೆ ಯಾರಾದರೂ “ಸ್ಕ್ಯಾನಿಂಗ್ ಏಕೆ ಮಾಡಿಸಲಿಲ್ಲ?” ಎಂದು ಕೇಳಿಯಾರೆಂಬ ಭಯ. ಮೂರನೆಯದು ನಮಗೆ ಎಲ್ಲಕ್ಕಿಂತ ಭಾರವಾದದ್ದು: ಕಷ್ಟದ ಹೆರಿಗೆಯೋ ಹೃದಯದ ಬೇನೆಯೋ ಬಂದರೆ, ಸಣ್ಣ ಊರಿನ ಡಾಕ್ಟರು ಮುಟ್ಟಲು ಅಂಜಿ “ದೊಡ್ಡ ಊರಿಗೆ ಒಯ್ಯಿರಿ” ಎನ್ನುತ್ತಾರೆ. ಆಗ ಆಂಬುಲೆನ್ಸಿನ ಬಾಡಿಗೆ, ಜೊತೆಗೆ ಹೋದವರ ಊಟ ವಸತಿ, ಕಳೆದ ಕೂಲಿ, ಮುಚ್ಚಿದ ಅಂಗಡಿ, ಎಲ್ಲವೂ ನಮ್ಮ ತಲೆಯ ಮೇಲೆಯೇ.

ಇದರಲ್ಲಿ ಇನ್ನೊಂದು ಅನ್ಯಾಯವೂ ಅಡಗಿದೆ. ನೂರಾರು ಹಾಸಿಗೆಯ ಕಂಪನಿ ಆಸ್ಪತ್ರೆಗೆ ವಕೀಲರ ದಂಡೇ ಇರುತ್ತದೆ; ವಿಮೆಯ ಕಂತು ಸಾವಿರಾರು ಬಿಲ್ಲುಗಳಲ್ಲಿ ಹಂಚಿಹೋಗುತ್ತದೆ. ಹತ್ತು ಹಾಸಿಗೆಯ ನರ್ಸಿಂಗ್ ಹೋಮಿಗೆ ಒಂದೇ ದಾವೆ ಸಾಕು, ಬಾಗಿಲು ಮುಚ್ಚಲು. ದೊಡ್ಡ ಮಳಿಗೆಯ ಎದುರು ಕಿರಾಣಿ ಅಂಗಡಿ ಇಟ್ಟುಕೊಂಡ ನಮ್ಮ ವ್ಯಾಪಾರಿ ಮಿತ್ರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಈ ಹೆದರಿಕೆಯ ವೆಚ್ಚ ಎಷ್ಟು? ಅಳೆದು ನೋಡಿದವರುಂಟೇ? ಉಂಟು. ಡಾಕ್ಟರರ ಮೇಲೆ ದಾವೆ ಹೂಡುವುದರಲ್ಲಿ ಹೆಸರಾದ ದೇಶ ಅಮೆರಿಕಾ. ಅಳೆದವರೂ ಅಲ್ಲಿಯವರೇ.

ಅಮೆರಿಕಾದ ಅಳತೆ

೨೦೧೦ರಲ್ಲಿ ಪ್ರಕಟವಾದ ಒಂದು ಅಧ್ಯಯನ ೨೦೦೮ರ ಲೆಕ್ಕ ಹಾಕಿತು. ಪರಿಹಾರದ ಹಣ, ವಕೀಲರ ಫೀಸು, ಆಡಳಿತದ ಖರ್ಚು, ಹೆದರಿಕೆಯಿಂದ ಬರೆಯುವ ಪರೀಕ್ಷೆ, ಇವೆಲ್ಲ ಕೂಡಿ ವರ್ಷಕ್ಕೆ ೫,೫೬೦ ಕೋಟಿ ಡಾಲರು. ಸಣ್ಣ ಮೊತ್ತವಲ್ಲ. ಆದರೆ ಆ ದೇಶದ ಇಡೀ ಆರೋಗ್ಯ ವೆಚ್ಚದಲ್ಲಿ ಅದರ ಪಾಲು ಶೇಕಡಾ ೨.೪. ಅಂದರೆ ನೂರು ಡಾಲರಿನ ಬಿಲ್ಲಿನಲ್ಲಿ ಎರಡು ಡಾಲರು ನಲವತ್ತು ಸೆಂಟು. ಅದರಲ್ಲೂ ಬಹುಪಾಲು ಹೆದರಿಕೆಯ ಪರೀಕ್ಷೆಗಳದು. ರೋಗಿಗಳ ಕೈಗೆ ಬಂದ ಪರಿಹಾರದ ಪಾಲು ಅತ್ಯಲ್ಪ.

ಅಲ್ಲಿಯ ರಾಜ್ಯಗಳು ಪರಿಹಾರಕ್ಕೆ ಮಿತಿ ಹಾಕಿಯೂ ನೋಡಿದವು. ೧೯೭೫ರಲ್ಲಿ ವಿಮೆಯ ಕಂತು ಏಕಾಏಕಿ ಏರಿದಾಗ ಕ್ಯಾಲಿಫೋರ್ನಿಯಾ ರಾಜ್ಯ, ನೋವು ಸಂಕಟಕ್ಕಾಗಿ ಕೊಡುವ ಪರಿಹಾರ ಎರಡೂವರೆ ಲಕ್ಷ ಡಾಲರನ್ನು ಮೀರಕೂಡದೆಂದಿತು. ಊರಿನ ಎಲ್ಲ ಬೆಲೆ ಏರಿದರೂ ಈ ಮಿತಿ ೨೦೨೨ರ ಕೊನೆಯವರೆಗೂ ಅಲುಗಲಿಲ್ಲ. ಟೆಕ್ಸಾಸ್ ರಾಜ್ಯ ೨೦೦೩ರಲ್ಲಿ ಅದೇ ಹಾದಿ ಹಿಡಿಯಿತು. ದಾವೆಗಳು ಇಳಿದವು, ವಿಮೆಯ ಕಂತೂ ಇಳಿಯಿತು. ಆದರೆ ವೃದ್ಧರ ಸರ್ಕಾರಿ ವಿಮೆಯ ಲೆಕ್ಕ ತೆಗೆದು ನೋಡಿದ ವಿದ್ವಾಂಸರಿಗೆ, ಚಿಕಿತ್ಸೆಯ ವೆಚ್ಚ ಇಳಿದ ಗುರುತು ಕಾಣಲಿಲ್ಲ. ಇನ್ನೊಂದು ಕಡೆಯ ಮಾತನ್ನೂ ಹೇಳಿಬಿಡಬೇಕು: ೧೯೯೬ರ ಒಂದು ಅಧ್ಯಯನದಲ್ಲಿ, ಮಿತಿ ಹಾಕಿದ ರಾಜ್ಯಗಳಲ್ಲಿ ವೃದ್ಧ ಹೃದ್ರೋಗಿಗಳ ಆಸ್ಪತ್ರೆ ವೆಚ್ಚ ಶೇಕಡಾ ೫ರಿಂದ ೯ರವರೆಗೆ ಇಳಿದದ್ದು ಕಂಡಿತ್ತು. ಹೆದರಿಕೆ ಸುಳ್ಳಲ್ಲ. ಆದರೆ ಬೆಟ್ಟದಂಥ ಬಿಲ್ಲಿಗೆ ಅದೇ ಕಾರಣವೆಂಬುದು ಸುಳ್ಳು.

ಇನ್ನೊಂದು ಅಳತೆ ಇದಕ್ಕಿಂತ ಮನಸ್ಸಿಗೆ ನಾಟುವಂಥದು. ನ್ಯೂಯಾರ್ಕ್ ರಾಜ್ಯದ ೧೯೮೪ರ ಆಸ್ಪತ್ರೆ ಕಡತಗಳಲ್ಲಿ ಮೂವತ್ತು ಸಾವಿರವನ್ನು ಹಾರ್ವರ್ಡ್ ವಿಶ್ವವಿದ್ಯಾನಿಲಯದವರು ತೆಗೆದು ಓದಿದರು. ನೂರಕ್ಕೆ ಸುಮಾರು ನಾಲ್ವರು ರೋಗಿಗಳಿಗೆ ಚಿಕಿತ್ಸೆಯಿಂದಲೇ ಕೇಡಾಗಿತ್ತು. ಆ ಕೇಡುಗಳಲ್ಲಿ ಕಾಲುಭಾಗಕ್ಕೂ ಹೆಚ್ಚು ನಿರ್ಲಕ್ಷ್ಯದಿಂದಾದವು. ಹಾಗೆ ನಿರ್ಲಕ್ಷ್ಯಕ್ಕೆ ತುತ್ತಾದವರಲ್ಲಿ ದಾವೆ ಹೂಡಿದವರು ನೂರಕ್ಕೆ ಇಬ್ಬರೂ ಇಲ್ಲ. ದಾವೆಗೆ ಹೆಸರಾದ ದೇಶದಲ್ಲೇ ಈ ಸ್ಥಿತಿ! ಉಳಿದವರೆಲ್ಲ ನನ್ನ ಅಣ್ಣನಂತೆ ಸುಮ್ಮನೆ ತೆತ್ತರು.

ನಮ್ಮಲ್ಲಿ ಬಿಲ್ಲು ಏರುವುದೇಕೆ?

ನಮ್ಮ ದೇಶಕ್ಕೆ ಬನ್ನಿ. ಹೃದಯದ ರಕ್ತನಾಳಕ್ಕೆ ಹಾಕುವ ಸ್ಟೆಂಟನ್ನು ತೆಗೆದುಕೊಳ್ಳಿ. ಔಷಧ ಲೇಪಿಸಿದ ಸ್ಟೆಂಟಿಗೆ ಸರಾಸರಿ ೧ ಲಕ್ಷ ೨೧ ಸಾವಿರ ರೂಪಾಯಿ ಬೆಲೆಯಿತ್ತು. ೨೦೧೭ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರ ಒಂದು ಆಜ್ಞೆ ಹೊರಡಿಸಿ ಅದನ್ನು ೨೯,೬೦೦ ರೂಪಾಯಿಗೆ ಇಳಿಸಿತು. ಗಮನಿಸಿ: ಅದಕ್ಕಾಗಿ ರೋಗಿಯ ದೂರುವ ಹಕ್ಕನ್ನು ಕೂದಲೆಳೆಯಷ್ಟೂ ಕತ್ತರಿಸಬೇಕಾಗಲಿಲ್ಲ. ಒಂದೇ ದಿನದಲ್ಲಿ ತೊಂಬತ್ತು ಸಾವಿರ ಇಳಿಯುವುದಾದರೆ, ಅಲ್ಲಿಯವರೆಗೆ ಆ ತೊಂಬತ್ತು ಸಾವಿರ ಯಾರ ಭಯದ ಬೆಲೆಯಾಗಿತ್ತು? ಅದೇ ಪ್ರಾಧಿಕಾರ ೨೦೧೮ರಲ್ಲಿ ದೆಹಲಿಯ ಸುತ್ತಿನ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್ಲು ಪರಿಶೀಲಿಸಿದಾಗ, ಕೆಲವು ಸರಕುಗಳ ಮೇಲೆ ಶೇಕಡಾ ೧೭೩೭ರವರೆಗೆ ಲಾಭವಿಟ್ಟದ್ದು ಬಯಲಾಯಿತು. ಕಿರಾಣಿ ವ್ಯಾಪಾರಿ ಬೇಳೆಯ ಮೇಲೆ ಹಾಗೆ ಲಾಭವಿಟ್ಟರೆ ಊರು ಅವನನ್ನು ಏನೆಂದು ಕರೆದೀತು?

ಹೆರಿಗೆಯನ್ನು ನೋಡಿ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಸರ್ಕಾರಿ ಆಸ್ಪತ್ರೆಗಳಲ್ಲಿ ನೂರಕ್ಕೆ ಸುಮಾರು ಹದಿನಾಲ್ಕು ಹೆರಿಗೆ ಸಿಸೇರಿಯನ್. ಖಾಸಗಿ ಆಸ್ಪತ್ರೆಗಳಲ್ಲಿ ನಲವತ್ತೇಳು. ಇದರಲ್ಲಿ ದಾವೆಯ ಭಯವೂ ಇರಬಹುದು, ಬಿಲ್ಲಿನ ಆಸೆಯೂ ಇರಬಹುದು. ಬೇಡದ ಪರೀಕ್ಷೆಯ ಮಾತೂ ಹಾಗೆಯೇ. ಭಯದಿಂದ ಬರೆದ ಚೀಟಿಗೂ ಕಮಿಷನ್ನಿಗಾಗಿ ಬರೆದ ಚೀಟಿಗೂ ಅಕ್ಷರ ಒಂದೇ, ಸಹಿ ಒಂದೇ. ಭಯದ ಹೆಸರು ಹೇಳಿ ಲಾಭ ಮಾಡುವವರು ಪ್ರಾಮಾಣಿಕ ಡಾಕ್ಟರರ ಬೆನ್ನ ಹಿಂದೆ ಅಡಗಿಕೊಳ್ಳುತ್ತಾರೆ.

ಕಾನೂನಿನ ನಿಜವಾದ ದೋಷ

ಹಾಗೆಂದು ಈಗಿನ ಕಾನೂನು ಚೆನ್ನಾಗಿದೆಯೆಂದು ನಾನು ಹೇಳುವುದಿಲ್ಲ. ಅದರ ದೋಷ ಬೇರೆ ಕಡೆ ಇದೆ.

೨೦೧೩ರಲ್ಲಿ ಸುಪ್ರೀಂ ಕೋರ್ಟು ಕೊಲ್ಕತ್ತಾದ ಒಂದು ಪ್ರಕರಣದಲ್ಲಿ ಸುಮಾರು ೬ ಕೋಟಿ ರೂಪಾಯಿ ಪರಿಹಾರ ವಿಧಿಸಿತು. ಬಡ್ಡಿ ಸೇರಿ ಅದು ೧೧ ಕೋಟಿ ದಾಟಿತು. ದೇಶದ ಡಾಕ್ಟರರೆಲ್ಲ ಬೆಚ್ಚಿಬಿದ್ದರು. ತೀರಿಕೊಂಡಾಕೆ ಅಮೆರಿಕಾದಲ್ಲಿ ನೆಲೆಸಿದ್ದವರು. ಪರಿಹಾರದ ದೊಡ್ಡ ಪಾಲು ಆಕೆ ಅಲ್ಲಿ ಗಳಿಸಬಹುದಾಗಿದ್ದ ಸಂಪಾದನೆಯ ಲೆಕ್ಕದ ಮೇಲೆ ನಿಂತಿತ್ತು. ಸಾವು ೧೯೯೮ರಲ್ಲಿ, ಕೊನೆಯ ತೀರ್ಪು ೨೦೧೩ರಲ್ಲಿ: ಹದಿನೈದು ವರ್ಷ. ಅವರಿಗೆ ನ್ಯಾಯ ಸಿಕ್ಕಿದ್ದು ಸಂತೋಷವೇ. ಆದರೆ ಅದೇ ಲೆಕ್ಕವನ್ನು ನಮ್ಮ ಗಿರಣಿಯ ಹೆಣ್ಣುಮಗಳಿಗೆ ಹಚ್ಚಿ ನೋಡಿ. ಕೂಲಿ ಕಡಿಮೆಯಾದ್ದರಿಂದ ಆಕೆಯ ಜೀವದ ಬೆಲೆಯೂ ಕಡಿಮೆ! ಆ ಸಣ್ಣ ಮೊತ್ತಕ್ಕಾಗಿ ವರ್ಷಗಟ್ಟಲೆ ಅಲೆಯುವ ಶಕ್ತಿ ಯಾರಿಗಿದೆ? ಮೂರು ತಿಂಗಳಲ್ಲಿ ತೀರ್ಮಾನವಾಗಬೇಕೆಂದು ಗ್ರಾಹಕ ಕಾಯಿದೆಯಲ್ಲಿ ಬರೆದಿದೆ. ಅಲೆದವರನ್ನು ಕೇಳಿ, ಎಷ್ಟು ಮೂರು ತಿಂಗಳು ಕಳೆದವೆಂದು ಹೇಳುತ್ತಾರೆ.

ಅಂದರೆ ಈ ಏರ್ಪಾಡು ಲಾಟರಿಯಂತಿದೆ. ಒಬ್ಬರಿಗೆ ಕೋಟಿ, ಸಾವಿರ ಜನಕ್ಕೆ ಏನೂ ಇಲ್ಲ. ಕೋಟಿಯ ಸುದ್ದಿ ಪತ್ರಿಕೆಯಲ್ಲಿ ಓದಿದ ಡಾಕ್ಟರು ಹೆದರುತ್ತಾರೆ. ಆ ಹೆದರಿಕೆಯ ಖರ್ಚನ್ನು, ಏನೂ ಸಿಗದ ಆ ಸಾವಿರ ಜನ ಹಂಚಿಕೊಳ್ಳುತ್ತಾರೆ. ನನ್ನ ದೂರು ಇದೇ. ಕಾನೂನು ಇದ್ದದ್ದು ಹೆಚ್ಚಾಯಿತೆಂದಲ್ಲ; ಬಡವನಿಗೆ ಅದು ಮುಟ್ಟುವುದು ಕಡಿಮೆಯಾಯಿತೆಂದು.

ಬೇರೆ ದಾರಿ ಇದೆ

ನ್ಯೂಜಿಲೆಂಡ್ ಎಂಬ ಪುಟ್ಟ ದೇಶ ೧೯೭೪ರ ಏಪ್ರಿಲ್ ೧ರಿಂದ ಒಂದು ಹೊಸ ಏರ್ಪಾಡನ್ನು ನಡೆಸುತ್ತ ಬಂದಿದೆ. ಅಪಘಾತದಲ್ಲಿ ಗಾಯಗೊಂಡವನು ಪರಿಹಾರಕ್ಕಾಗಿ ಯಾರ ಮೇಲೂ ದಾವೆ ಹೂಡುವಂತಿಲ್ಲ. ಒಂದು ಸಾರ್ವಜನಿಕ ನಿಧಿ ಅವನ ಚಿಕಿತ್ಸೆಯನ್ನೂ ಕಳೆದುಹೋದ ಸಂಪಾದನೆಯ ಬಹುಪಾಲನ್ನೂ ಕೊಡುತ್ತದೆ. ಚಿಕಿತ್ಸೆಯಿಂದಾದ ಕೇಡೂ ಅದರಲ್ಲಿ ಸೇರಿದೆ. ೨೦೦೫ರ ತಿದ್ದುಪಡಿಯ ನಂತರ, ಡಾಕ್ಟರರ ತಪ್ಪನ್ನು ಸಾಧಿಸಿ ತೋರಿಸಬೇಕಾದದ್ದೂ ಇಲ್ಲ. ಕೇಡು ಚಿಕಿತ್ಸೆಯಿಂದಲೇ ಆಯಿತೆಂದು ಗೊತ್ತಾದರೆ ಸಾಕು. ತಪ್ಪು ಮಾಡಿದ ಡಾಕ್ಟರರ ವಿಚಾರಣೆ, ಶಿಕ್ಷೆ ಬೇರೆಯೇ ಮಂಡಳಿಯ ಕೆಲಸ. ಸ್ವೀಡನ್ ದೇಶದಲ್ಲಿಯೂ ೧೯೭೫ರಿಂದ ರೋಗಿಗಳಿಗಾಗಿಯೇ ಇಂಥದೊಂದು ವಿಮೆ ಇದೆ.

ಇದೂ ಪುಕ್ಕಟೆಯಲ್ಲ, ನಿಧಿಗೆ ಎಲ್ಲರೂ ವಂತಿಗೆ ಕಟ್ಟಬೇಕು. ಕೊಡುವ ಮೊತ್ತವೂ ಕೋಟಿಗಳಲ್ಲಿ ಇರುವುದಿಲ್ಲ. ಆದರೆ ಒಬ್ಬನಿಗೆ ಬಿದ್ದ ಭಾರವನ್ನು ಎಲ್ಲರೂ ಹೊತ್ತರೆ ಅದು ಹಗುರ. ಗಿರಣಿಯಲ್ಲಿ ಕೈ ಸಿಕ್ಕಿಕೊಂಡಾಗ ಪರಿಹಾರ ಕೊಡಲು ಕಾರ್ಮಿಕನ ಜಾತಕ ಕೇಳದ ಪದ್ಧತಿ ನಮ್ಮಲ್ಲೇ ಇದೆಯಲ್ಲವೇ? ಇ.ಎಸ್.ಐ. ನಿಂತಿರುವುದೂ ಅದೇ ತತ್ವದ ಮೇಲೆ. ಅದನ್ನು ಆಸ್ಪತ್ರೆಯ ಹಾಸಿಗೆಯವರೆಗೆ ಚಾಚಬೇಕೆಂದು ಕೇಳುವುದು ಹುಚ್ಚು ಬೇಡಿಕೆಯಲ್ಲ. ಇದರಿಂದ ಪ್ರಾಮಾಣಿಕ ಡಾಕ್ಟರರ ಎದೆಯ ಭಾರವೂ ಇಳಿದೀತು.

ಅಲ್ಲಿಯವರೆಗೆ ನಾವೇನು ಮಾಡಬೇಕು?

ಇರುವ ಕಾನೂನನ್ನು ಉಪಯೋಗಿಸಬೇಕು. ಪ್ರತಿಯೊಂದು ಚೀಟಿ, ಬಿಲ್ಲು, ಫಿಲ್ಮು ಜೋಪಾನವಾಗಿಡಿ. ಕೇಸ್ ಷೀಟಿನ ಪ್ರತಿಯನ್ನು ಬರವಣಿಗೆಯಲ್ಲಿ ಕೇಳಿ, ಕೇಳಿದ್ದಕ್ಕೆ ಸಹಿ ಪಡೆಯಿರಿ. ೭೨ ಗಂಟೆಯೊಳಗೆ ಕೊಡಬೇಕೆಂದು ವೈದ್ಯಕೀಯ ಪರಿಷತ್ತಿನ ೨೦೦೨ರ ನಿಯಮ ಹೇಳುತ್ತದೆ. ನಮಗೆ ಆಗ ಇದು ಗೊತ್ತಿದ್ದರೆ, ಆ “ನಾಳೆ” ಮೂರು ದಿನಕ್ಕೆ ಮುಗಿಯುತ್ತಿತ್ತು.

ದೂರು ಕೊಡಲು ಎರಡು ವರ್ಷದ ಅವಧಿಯಿದೆ. ೨೦೨೦ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಗ್ರಾಹಕ ಕಾಯಿದೆಯಂತೆ ನೀವು ವಾಸವಾಗಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರಬಹುದು. ಆಸ್ಪತ್ರೆ ಬೆಂಗಳೂರಿನಲ್ಲಿದೆಯೆಂದು ಅಲ್ಲಿಗೆ ಓಡಬೇಕಾಗಿಲ್ಲ. ಚಿಕಿತ್ಸೆಗೆ ಕೊಟ್ಟ ಹಣ ೫ ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ವಕೀಲರಿಲ್ಲದೆ ನೀವೇ ವಾದಿಸಬಹುದು. ಎಲ್ಲ ಪ್ರಕರಣಕ್ಕೂ ತಜ್ಞರ ಸಾಕ್ಷಿ ಬೇಕೆಂದೇನೂ ಇಲ್ಲವೆಂದು ೨೦೧೦ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹೊಟ್ಟೆಯೊಳಗೆ ಬಟ್ಟೆ ಉಳಿಯಬಾರದೆಂಬುದಕ್ಕೆ ಪಂಡಿತರ ಸಾಕ್ಷಿ ಏಕೆ? ಬಿಲ್ಲಿನ ವಿಷಯಕ್ಕೆ ನಮ್ಮ ರಾಜ್ಯದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯುಂಟು. ಅದಕ್ಕೆ ತಿದ್ದುಪಡಿ ತಂದಾಗ, ೨೦೧೭ರ ನವೆಂಬರಿನಲ್ಲಿ, ಖಾಸಗಿ ಡಾಕ್ಟರರು ಮುಷ್ಕರ ಹೂಡಿದ್ದು ನಿಮಗೆ ನೆನಪಿರಬಹುದು. ಅದರಂತೆ ಆಸ್ಪತ್ರೆಗಳು ದರಪಟ್ಟಿ ತೂಗುಹಾಕಬೇಕು. ದೂರು ಕೇಳಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಒಂದು ಪ್ರಾಧಿಕಾರವಿದೆ. ಸಂಘದವರು ಮೊದಲು ಆ ಪಟ್ಟಿಗಳನ್ನು ಓದಿ ಬರಲಿ.

ಕೊನೆಯದಾಗಿ ಒಂದು ಕಟ್ಟುನಿಟ್ಟಿನ ಮಾತು. ಯಾರೂ ಆಸ್ಪತ್ರೆಯ ಗಾಜಿಗೆ ಕಲ್ಲೆಸೆಯಬೇಡಿ, ಡಾಕ್ಟರರ ಮೇಲೆ ಕೈ ಎತ್ತಬೇಡಿ. ಅದು ಅಪರಾಧ; ೨೦೦೯ರಿಂದ ನಮ್ಮ ರಾಜ್ಯದಲ್ಲಿ ಅದಕ್ಕೆ ಪ್ರತ್ಯೇಕ ಕಾನೂನೇ ಇದೆ. ಅದು ಅವಿವೇಕವೂ ಹೌದು. ಒಡೆದ ಗಾಜಿನ ಬೆಲೆ ಮುಂದಿನ ರೋಗಿಯ ಬಿಲ್ಲಿನಲ್ಲಿ ಸೇರುತ್ತದೆ, ಹೊಡೆತಕ್ಕೆ ಅಂಜಿದ ಡಾಕ್ಟರು ಮುಂದಿನ ಬಡವನನ್ನು ಬಾಗಿಲಲ್ಲೇ ತಿರುಗಿಸುತ್ತಾರೆ.

ಆ ಡಾಕ್ಟರ ಮಿತ್ರರಿಗೆ ನಾನು ಹೋಗಿ ಹೇಳಬೇಕೆಂದಿರುವುದು ಇಷ್ಟೇ: ಸ್ವಾಮೀ, ನಿಮ್ಮ ಹೆದರಿಕೆಯ ಲೆಕ್ಕ ನನಗೆ ತಿಳಿಯಿತು; ನನ್ನ ಅಣ್ಣನ ಲೆಕ್ಕವನ್ನೂ ನೀವು ಓದಬೇಕು. ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆಯುವ ದಿನ, ವೆಚ್ಚ ಇಳಿಸುವುದು ಹೇಗೆಂಬ ಮಾತನ್ನು ನಾವಿಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತು ಆಡಬಹುದು.